ಫಿಶ್ ಫೈಂಡರ್ ಇಟ್ಟುಕೊಂಡು ಹಾಕುವುದೂ ಗಾಳವೇ?

ಶರಾವತಿ ಕಯಾಕ್
ಹೊನ್ನಾವರದ ಅಳಿವೆಯಿಂದ ಒಳಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನಲ್ಲಿ ಕಯಾಕ್ ಮೇಲೆ ಕೂತು ಗಾಳ ಹಾಕುವವನು ನಾನು. ಈ ಸಲ ಮಳೆಗಾಲ ಮುಗಿದ ಮೇಲೆ ನೀರಿನಡಿಯ ಆಳ, ತಳ, ಮೀನು ತೋರಿಸುವ ಸಣ್ಣದೊಂದು ಫಿಶ್ ಫೈಂಡರ್ ಕೂರಿಸೋಣ ಅಂತಿದ್ದೇನೆ. ಐದಿಂಚಿನ ಪರದೆ, ಜಿಪಿಎಸ್ ಇರುವಂಥದ್ದು. ಜೊತೆಗೆ ಬರುವ ಗೆಳೆಯ ಮಾತ್ರ "ಅದನ್ನ ಹಾಕಿದ ದಿನ ನನ್ನ ಕರೀಬೇಡ, ಅದು ಮೋಸ" ಅಂತ ಹಟ ಹಿಡಿದಿದ್ದಾನೆ. ಬಳಸಿದವರು ಹೇಳಿ, ದುಡ್ಡಿಗೆ ತಕ್ಕ ಉಪಯೋಗ ಇದೆಯಾ? ಅವನ ಮಾತಲ್ಲಿ ಹುರುಳಿದೆಯಾ?

ಮಂಡ್ಯದ ಗಾಳ
ನಿಮ್ಮ ಗೆಳೆಯಂಗೆ ನನ್ನದೊಂದು ನಮಸ್ಕಾರ ಹೇಳಿ ಸಾ. ನಾಲೆ ಪಕ್ಕ ಎರೆಹುಳ ಚುಚ್ಚಿ, ಬೆಂಡು ಮುಳುಗೋದನ್ನೇ ಕಾಯ್ತಾ ಕೂರೋದ್ರಲ್ಲಿ ಇರೋ ಸುಖ ಟೀವಿ ನೋಡ್ಕೊಂಡು ಮೀನು ಹಿಡಿಯೋದ್ರಲ್ಲಿ ಎಲ್ಲಿಂದ ಬರ್ಬೇಕು? ನೀರು ನೋಡಿ ಮೀನು ಎಲ್ಲಿದೆ ಅಂತ ಊಹೆ ಮಾಡೋದೇ ಆಟ. ಆ ಊಹೆನ ಮಿಷಿನ್‌ಗೆ ಕೊಟ್ಬುಟ್ರೆ ನಿಮಗೆ ಉಳಿಯೋದು ರೀಲ್ ತಿರುಗ್ಸೋ ಕೂಲಿ.

ಮಲ್ಪೆ ಬಂದರು
ಮಾರಾಯ್ರೆ, ಪರ್ಸೀನ್ ಬೋಟಿನವರು ಸೋನಾರ್ (ಶಬ್ದ ಬಿಟ್ಟು ನೀರೊಳಗೆ ನೋಡುವ ಯಂತ್ರ) ನೋಡಿ ಬಂಗುಡೆ ಹಿಂಡಿನ ಸುತ್ತ ಬಲೆ ಬಿಡ್ತಾರೆ, ಟನ್ನುಗಟ್ಟಲೆ ಎಳೀತಾರೆ. ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯಿಸ್‌ನವರು ಉಪಗ್ರಹದಲ್ಲಿ ಕಡಲ ಮೇಲ್ಮೈಯ ಬಿಸಿ, ಪಾಚಿಯ ಬಣ್ಣ ನೋಡಿ ಇಂಥಲ್ಲಿ ಮೀನು ಸಿಗಬಹುದು ಅಂತ ಹೇಳ್ತಾರೆ. ಅದೆಲ್ಲ ಮೋಸ ಅಲ್ಲ, ಒಂದು ಗಾಳ ಒಂದು ದಾರ ಹಿಡಿದು ಕೂತವನ ಐದಿಂಚಿನ ಪರದೆ ಮಾತ್ರ ಮೋಸವಾ? ಒಳ್ಳೆ ಕತೆ ನಿಮ್ಮದು!

ಮಂಡ್ಯದ ಗಾಳ
ಅವರದ್ದು ಹೊಟ್ಟೆಪಾಡು, ನಮ್ಮದು ಶೋಕಿ. ಎರಡಕ್ಕೂ ಒಂದೇ ತಕ್ಕಡಿನಾ? ಅಲ್ದೆ ನಿಮ್ಮ ಕಡಲಲ್ಲೇ 2017ರಲ್ಲಿ ಎಲ್ಇಡಿ ಲೈಟ್ ಫಿಶಿಂಗು, ಎರಡು ಬೋಟು ಸೇರಿ ಒಂದೇ ಬಲೆ ಎಳೆಯೋ ಬುಲ್ ಟ್ರಾಲು ಎರಡನ್ನೂ ಕೇಂದ್ರ ಸರ್ಕಾರ ಬ್ಯಾನ್ ಮಾಡ್ತಲ್ಲ, ಯಾಕೆ? ಮಿಷಿನ್ ಹೆಚ್ಚಾದ್ರೆ ಮೀನು ಉಳಿಯಲ್ಲ ಅಂತ ತಾನೆ?

ಮಲ್ಪೆ ಬಂದರು
ಲೈಟು ಮೀನನ್ನು ಕರೀತದೆ. ಇದು ಯಾರನ್ನೂ ಕರೆಯುವುದಿಲ್ಲ, ಸುಮ್ಮನೆ ಕೆಳಗೆ ಎಂತ ಉಂಟು ಅಂತ ತೋರಿಸ್ತದೆ. ಮೀನು ಕಚ್ಚಬೇಕಾ ಬೇಡವಾ ಅಂತ ಮೀನೇ ಹೇಳಬೇಕಷ್ಟೆ. ಪರದೆ ತುಂಬ ಮೀನು ಕಂಡೂ ಖಾಲಿ ಕೈಯಲ್ಲಿ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಮರುದನಿ
ಜಗಳಕ್ಕೆ ಮೊದಲು ಈ ಪೆಟ್ಟಿಗೆ ಏನು ನೋಡುತ್ತದೆ, ಏನು ನೋಡುವುದಿಲ್ಲ ಎಂಬುದು ಗೊತ್ತಿರಲಿ. ಅದರ ಟ್ರಾನ್ಸ್‌ಡ್ಯೂಸರ್ (ಶಬ್ದ ಬಿಟ್ಟು ಹಿಡಿಯುವ ಭಾಗ) ಕೆಳಮುಖವಾಗಿ ಶಬ್ದದ ಮಿಡಿತ ಬಿಡುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಹಾಗಾಗಿ ಮರುದನಿ ಬರಲು ಹಿಡಿದ ಸಮಯದಿಂದ ಆಳ ಗೊತ್ತಾಗುತ್ತದೆ. ಆದರೆ ಆ ಶಬ್ದ ಹರಡುವುದು ಶಂಕುವಿನ ಆಕಾರದಲ್ಲಿ. 200 ಕಿಲೋಹರ್ಟ್ಸ್‌ನಲ್ಲಿ 20 ಡಿಗ್ರಿಯ ಶಂಕು ಅಂತಿಟ್ಟುಕೊಳ್ಳಿ: 10 ಮೀಟರ್ ಆಳದಲ್ಲಿ ನಿಮಗೆ ಕಾಣುವುದು ಮೂರೂವರೆ ಮೀಟರ್ ಅಗಲದ ವೃತ್ತ. 3 ಮೀಟರ್ ನೀರಿನಲ್ಲಿ ಬರೀ ಒಂದು ಮೀಟರ್! ಕಾಂಡ್ಲಾ ಅಂಚಿನ ತೆಳುನೀರಿನಲ್ಲಿ ಮೀನು ಹುಡುಕಲು ಅದನ್ನು ನಂಬಿದರೆ ಕಯಾಕಿನ ಅಡಿಯಷ್ಟೇ ಕಾಣುತ್ತದೆ, ಅಲ್ಲಿದ್ದ ಮೀನು ನಿಮ್ಮ ನೆರಳಿಗೇ ಓಡಿರುತ್ತದೆ.

ಪರದೆಯ ಬಲ ಅಂಚು ಮಾತ್ರ 'ಈಗ'. ಉಳಿದದ್ದೆಲ್ಲ ಆಗಲೇ ದಾಟಿ ಬಂದದ್ದು. ಮೀನು ಪರದೆಯಲ್ಲಿ ಕಮಾನಿನಂತೆ ಕಾಣುತ್ತದೆ; ಹೊಸಬರು ಎಡಗಡೆ ಕಂಡ ಕಮಾನಿಗೆ ಗಾಳ ಇಳಿಸುತ್ತಾರೆ, ಅದು ಹಿಂದೆಂದೋ ಹೋದ ಮೀನು. ಮೀನಿನ ಚಿತ್ರ ಬರುವ ಫಿಶ್ ಐಡಿಯನ್ನಂತೂ ಮೊದಲ ದಿನವೇ ಆರಿಸಿಬಿಡಿ. ತೇಲುವ ಕಸಕ್ಕೂ ಅದು ಮೀನಿನ ಗುರುತು ಹಾಕುತ್ತದೆ.

ಇನ್ನೊಂದು ತಮಾಷೆ. ಮರುದನಿಯ ಬಹುಪಾಲು ಬರುವುದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ. ಅಂಜಲ್‌ಗೆ ಆ ಚೀಲವೇ ಇಲ್ಲ. ಎಲ್ಲರೂ ಬಯಸುವ ಮೀನೇ ಈ ಯಂತ್ರಕ್ಕೆ ಅತಿ ಮಸುಕು!

ಶರಾವತಿ ಕಯಾಕ್
ಹಾಗಾದರೆ ತಗೊಳ್ಳೋದೇ ದಂಡ ಅಂತೀರಾ?

ಮರುದನಿ
ಇಲ್ಲ. ಮೀನಿಗಾಗಿ ತಗೋಬೇಡಿ, ತಳಕ್ಕಾಗಿ ತಗೊಳ್ಳಿ. ಗಟ್ಟಿ ಕಲ್ಲಿದ್ದರೆ ತಳದ ಗೆರೆ ದಪ್ಪವಾಗಿ, ಉಜ್ವಲವಾಗಿ ಬರುತ್ತದೆ, ಕೆಳಗೆ ಎರಡನೇ ಮರುದನಿಯೂ ಕಾಣಬಹುದು. ಕೆಸರಾದರೆ ಗೆರೆ ತೆಳು, ಮಂಕು. ಹಳ್ಳ ಎಲ್ಲಿ ತಿರುಗುತ್ತದೆ, ದಡ ಎಲ್ಲಿ ಥಟ್ಟನೆ ಇಳಿಯುತ್ತದೆ ಎಂದು ಎರಡು ವಾರ ಓಡಾಡಿದರೆ ನಿಮ್ಮ ತಲೆಯಲ್ಲೇ ನಕ್ಷೆ ಕೂರುತ್ತದೆ.

ಮಲ್ಪೆ ಬಂದರು
ಅದು ಸರಿ. ಅಳಿವೆಯ ಹೊಯ್ಗೆ ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸ್ತದೆ. ಹೋದ ವರ್ಷದ ದಾರಿ ನಂಬಿ ಇಳಿತದ ಹೊತ್ತಿಗೆ ನುಗ್ಗಿದರೆ ತೆರೆ ಮಗುಚಿ ಹಾಕ್ತದೆ. ಆಳ ತೋರಿಸುವ ಒಂದು ಸಂಖ್ಯೆಗೇ ನಾನು ದುಡ್ಡು ಕೊಟ್ಟೇನು. ಹಾಗಂತ ಲೈಫ್ ಜಾಕೆಟ್ ಬಿಟ್ಟು ಹೋಗಬೇಡಿ ಮತ್ತೆ.

ಡಲ್ಲಾಸ್ ಕನ್ನಡಿಗ
ಇಲ್ಲಿ ಟೆಕ್ಸಾಸ್ ಕೆರೆಗಳಲ್ಲಿ ಈ ಜಗಳ ಹಳಸಿ ಹೊಸದಾಗಿದೆ. ಲೊರೆನ್ಸ್ ಕಂಪನಿಯವರು 1950ರ ದಶಕದ ಕೊನೆಗೆ ಹವ್ಯಾಸಿಗಳಿಗೆ ಸೋನಾರ್ ಮಾರಲು ಶುರು ಮಾಡಿದ್ದು, ಅದನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಈಗಿನ ಗಲಾಟೆ ಮುಂದಕ್ಕೆ ನೋಡುವ ಸೋನಾರ್ ಬಗ್ಗೆ. 2018ರಲ್ಲಿ ಗಾರ್ಮಿನ್ ಲೈವ್‌ಸ್ಕೋಪ್ ಬಂತಲ್ಲ, ಅದರಲ್ಲಿ ನೀವು ಎಸೆದ ಲೂರ್ (ನಕಲಿ ಎರೆ) ಬೀಳುವುದು, ಬಾಸ್ ಮೀನು ತಿರುಗುವುದು, ಹಿಂಬಾಲಿಸುವುದು, ಮನಸ್ಸು ಬದಲಿಸುವುದು ಎಲ್ಲ ಆ ಕ್ಷಣಕ್ಕೇ ಕಾಣುತ್ತದೆ. ಒಂದೊಂದು ಮೀನನ್ನು ಆರಿಸಿ ಅದರ ಮೂಗಿನ ಮುಂದೆಯೇ ಹಾಕಬಹುದು. 2025ರಲ್ಲಿ ಬಾಸ್ ಹಿಡಿಯುವ ಸ್ಪರ್ಧೆ ನಡೆಸುವ ಮೇಜರ್ ಲೀಗ್ ಫಿಶಿಂಗ್‌ನವರು ತಮ್ಮ ಬಾಸ್ ಪ್ರೊ ಟೂರ್‌ನಲ್ಲಿ ದಿನದ ಮೂರು ಅವಧಿಗಳಲ್ಲಿ ಒಂದರಲ್ಲಿ ಮಾತ್ರ ಅದನ್ನು ಬಳಸಬಹುದು ಅಂತ ಕಟ್ಟು ಹಾಕಿದರು. ನೋಡುವವರಿಗೂ ಬೇಸರ: ಸ್ಪರ್ಧಿ ಇಡೀ ದಿನ ತಲೆ ತಗ್ಗಿಸಿ ಪರದೆ ನೋಡುತ್ತಿರುತ್ತಾನೆ. ಆದ್ದರಿಂದ ನಿಮ್ಮ ಗೆಳೆಯನ ಮಾತು ಹುಚ್ಚಲ್ಲ, ಆದರೆ ಐದಿಂಚಿನ ಕೆಳಮುಖಿ ಪೆಟ್ಟಿಗೆಗೆ ಅದು ಅನ್ವಯಿಸಲ್ಲ.

ಮಂಡ್ಯದ ಗಾಳ
ನೋಡಿ, ದುಡ್ಡಿಗಾಗಿ ಆಡೋರೇ ಬೇಡ ಅಂತಾವ್ರೆ. ಈಗ ಐದಿಂಚು, ನಾಳೆ ಹತ್ತಿಂಚು, ನಾಡಿದ್ದು ಲೈವು.

ನೇತ್ರಾಣಿ ನೀರೊಳಗೆ
ಡೈವಿಂಗ್ ಮಾಡುವವಳು, ಆಗಾಗ ಗಾಳವನ್ನೂ ಹಾಕುತ್ತೇನೆ. ಮೋಸ ಹೌದೋ ಅಲ್ಲವೋ ಅನ್ನುವುದು ಮನುಷ್ಯರ ಮಧ್ಯದ ಮಾತು, ಮೀನಿಗೆ ಅದರಿಂದ ಏನೂ ಆಗಬೇಕಿಲ್ಲ. ನನ್ನ ತಕರಾರೇ ಬೇರೆ. ಮೊದಲು ಹವ್ಯಾಸಿಗಳು ದಡದಲ್ಲಿ, ಕಲ್ಲಿನ ಮೇಲೆ ನಿಂತು ಹಾಕುತ್ತಿದ್ದರು. ಈಗ ದೋಣಿ ಬಾಡಿಗೆಗೆ ಹಿಡಿದು, ಫೈಂಡರಲ್ಲಿ 25-30 ಮೀಟರ್ ಆಳದ ಕಲ್ಲು ಹುಡುಕಿ, ಜಿಗ್ (ಭಾರದ ನಕಲಿ ಎರೆ) ಇಳಿಸಿ ಮುರು ಮೀನು (ಗ್ರೂಪರ್), ಕೆಂಬೇರಿ (ಸ್ನ್ಯಾಪರ್) ಎಳೆಯುತ್ತಾರೆ. ಫೋಟೋ ತೆಗೆದು "ಕ್ಯಾಚ್ ಅಂಡ್ ರಿಲೀಸ್" ಅಂತ ನೀರಿಗೆ ಬಿಡುತ್ತಾರೆ.

ಆ ಮೀನು ಬದುಕುತ್ತದೆ ಅಂದುಕೊಂಡಿರಾ? 30 ಮೀಟರಿನಲ್ಲಿ ಒತ್ತಡ ಮೇಲ್ಮೈಯ ನಾಲ್ಕು ಪಟ್ಟು. ಅವಸರದಲ್ಲಿ ಮೇಲೆಳೆದರೆ ಗಾಳಿಚೀಲದ ಗಾಳಿ ಹಿಗ್ಗುತ್ತದೆ. ಮುರು, ಕೆಂಬೇರಿಗಳಿಗೆ ಆ ಗಾಳಿಯನ್ನು ಬಾಯಿಯಿಂದ ಬಿಡುವ ದಾರಿಯಿಲ್ಲ. ಕಣ್ಣು ಹೊರಗೆ ಉಬ್ಬುತ್ತದೆ, ಹೊಟ್ಟೆ ಬಾಯಿಗೆ ಬರುತ್ತದೆ. ಬಿಟ್ಟರೆ ಮುಳುಗಲಾರದೆ ತೇಲುತ್ತದೆ, ಗರುಡನ ಪಾಲಾಗುತ್ತದೆ. ವೀಡಿಯೋದಲ್ಲಿ ಅಷ್ಟು ಭಾಗ ಕತ್ತರಿಸಿರುತ್ತಾರೆ.

ಮುರುವಿನದು ಇನ್ನೂ ಕಷ್ಟ. ಈ ಜಾತಿಯ ಹೆಚ್ಚಿನವು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ಒಂದು ಕಲ್ಲಿನ ದೊಡ್ಡ ಮೀನುಗಳನ್ನೆಲ್ಲ ಆರಿಸಿ ತೆಗೆದರೆ ಅಲ್ಲಿನ ಗಂಡುಗಳನ್ನೇ ತೆಗೆದ ಹಾಗೆ. ಅಂಥ ಕಲ್ಲಿನ ಜಿಪಿಎಸ್ ಗುರುತನ್ನು ವಾಟ್ಸಾಪ್ ಗುಂಪಿಗೆ ಹಾಕುವವರಿದ್ದಾರಲ್ಲ, ಸೋನಾರ್‌ಗಿಂತ ಅವರ ಬೆರಳು ಹೆಚ್ಚು ಮೀನು ಕೊಲ್ಲುತ್ತದೆ.

ಮಂಡ್ಯದ ಗಾಳ
ಇದು ಮಾತು! ಹಂಗಾದ್ರೆ ನಮ್ಮ ಕಾವೇರಿ ಬಿಳಿ ಮೀನಿಗೂ ಹಿಂಗೇ ಆಗುತ್ತಾ?

ನೇತ್ರಾಣಿ ನೀರೊಳಗೆ
ಬಿಳಿ ಮೀನು, ಅಂದರೆ ಮಹಶೀರ್, ಗೆಂಡೆ ಮೀನಿನ ಕುಟುಂಬದ್ದು. ಅದರ ಗಾಳಿಚೀಲಕ್ಕೂ ಅನ್ನನಾಳಕ್ಕೂ ಸಣ್ಣ ಕೊಳವೆಯ ಸಂಪರ್ಕ ಇದೆ, ಗಾಳಿ ಹೊರಬಿಡಬಲ್ಲದು. ಈ ಬಗೆಯ ಅಪಾಯ ಅದಕ್ಕೆ ತೀರಾ ಕಡಿಮೆ. ಅದರ ಕಷ್ಟಗಳು ಬೇರೆ: ಕಾವೇರಿಯ ಡುಬ್ಬದ ಮಹಶೀರ್ 2018ರಿಂದ ಜಾಗತಿಕ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಅಳಿವಿನಂಚಿನ ಅತಿ ಗಂಭೀರ ಪಟ್ಟಿಯಲ್ಲಿದೆ.

ಮರುದನಿ
ಸೇರಿಸುತ್ತೇನೆ: ಬಂಡೆಗಳ ನಡುವೆ ನೊರೆಯೆದ್ದು ಹರಿಯುವ ನೀರಿನಲ್ಲಿ ಸೋನಾರ್ ಹೇಗೂ ಕುರುಡು. ಗಾಳಿಗುಳ್ಳೆಗಳೇ ಪರದೆ ತುಂಬುತ್ತವೆ.

ಮಲ್ಪೆ ಬಂದರು
ನೇತ್ರಾಣಿಯವರೇ, ನೀವು ಹೇಳಿದ್ದು ಆಳದ ಕಲ್ಲಿಗೆ ಸರಿ. ತಿನ್ನುವುದಾದರೆ ಒಂದೆರಡು ಹಿಡಿದು ಮನೆಗೆ ತನ್ನಿ, ಬಿಡುವ ನಾಟಕ ಬೇಡ. ಬಿಡುವ ಆಸೆ ಇದ್ದರೆ ಆಳಕ್ಕೆ ಹೋಗಬೇಡಿ. ಆದರೆ ಹೊಳೆಯ ಒಳಗೆ ನಾಲ್ಕೈದು ಮೀಟರಿನಲ್ಲಿ ಕಯಾಕ್ ಓಡಿಸುವವರಿಗೆ ಇದನ್ನೆಲ್ಲ ಹೇಳಿ ಹೆದರಿಸುವುದು ಯಾಕೆ?

ನೇತ್ರಾಣಿ ನೀರೊಳಗೆ
ಹೆದರಿಸಿಲ್ಲ. ಅವರು ಜಿಪಿಎಸ್ ಇರುವುದನ್ನೇ ಕೊಳ್ಳುತ್ತಿದ್ದಾರೆ, ಅದಕ್ಕೇ ಹೇಳಿದೆ.

ಶರಾವತಿ ಕಯಾಕ್
ಗುರುತುಗಳು ನನ್ನ ಹತ್ತಿರವೇ ಇರುತ್ತವೆ, ಗುಂಪಿಗೆ ಹಾಕಲ್ಲ. ತಗೊಳ್ಳೋದು ಅಂತ ತೀರ್ಮಾನ ಮಾಡಿದೆ, ಫಿಶ್ ಐಡಿ ಆಫ್. ಗೆಳೆಯನಿಗೆ ಇದು ಆಳ ನೋಡುವ ಮೀಟರ್ ಅಂತ ಹೇಳ್ತೇನೆ, ನಂಬಿದರೆ ನಂಬಲಿ. ಟ್ರಾನ್ಸ್‌ಡ್ಯೂಸರ್ ಹೊರಗೆ ತೂಗುಹಾಕಬೇಕಾ, ಕಯಾಕಿನ ಒಳತಳಕ್ಕೆ ಅಂಟಿಸಿದರೆ ನಡೆಯುತ್ತಾ?

ಮರುದನಿ
ಒಂದೇ ಪದರದ ಪ್ಲಾಸ್ಟಿಕ್ ಆದರೆ ಒಳಗೇ ಅಂಟಿಸಬಹುದು, ಅಂಟಿನಲ್ಲಿ ಗಾಳಿಗುಳ್ಳೆ ಉಳಿಯಬಾರದು. ಸ್ವಲ್ಪ ಶಕ್ತಿ ಸೋರುತ್ತದೆ, ನೀರಿನ ಬಿಸಿ ತಪ್ಪು ತೋರಿಸುತ್ತದೆ, ತಳವನ್ನು ಫೋಟೋದಂತೆ ತೋರಿಸುವ ಡೌನ್ ಇಮೇಜಿಂಗ್ ಚೆನ್ನಾಗಿ ಬರುವುದಿಲ್ಲ. ನಿಮ್ಮ ಆಳಕ್ಕೆ ಸಾಲುತ್ತದೆ. ಬ್ಯಾಟರಿ 12 ವೋಲ್ಟ್, 7 ಆಂಪಿಯರ್ ಅವರ್‌ನದು ಒಂದು ಬೆಳಗಿಗೆ ಧಾರಾಳ.

ಮಲ್ಪೆ ಬಂದರು
ಉಪ್ಪುನೀರು, ಮರೀಬೇಡಿ. ಮನೆಗೆ ಬಂದ ಕೂಡಲೇ ವೈರಿನ ಪಿನ್ನು ಒರೆಸಿ ಒಣಗಿಸಿ, ಇಲ್ಲದಿದ್ದರೆ ಒಂದೇ ಸೀಸನ್ನಿಗೆ ಹಸಿರು ಹಿಡೀತದೆ.

ಮಂಡ್ಯದ ಗಾಳ
ಆ ಗೆಳೆಯಂಗೆ ನಮ್ಮ ಕಡೆ ಬರೋಕೆ ಹೇಳಿ. ಎರೆಹುಳ ನಾನೇ ತೆಗ್ದು ಇಟ್ಟಿರ್ತೀನಿ.