ಮುಖ್ಯರಸ್ತೆ ಅಗಲೀಕರಣ: ಗುಂಪಿನಿಂದ ಒಂದೇ ಪತ್ರ ಹೋಗಲಿ

ಕಾರ್ಯದರ್ಶಿ:
ನಮ್ಮ ಬಡಾವಣೆಯ ಮುಖ್ಯರಸ್ತೆಯ ಕಾಂಪೌಂಡುಗಳ ಮೇಲೆ ಕೆಂಪು ಗೆರೆ ಬಿದ್ದಿರುವುದನ್ನು ಎಲ್ಲರೂ ನೋಡಿರುತ್ತೀರಿ. ಈಗ 14 ಮೀಟರ್ ಇರುವ ರಸ್ತೆಯನ್ನು 24 ಮೀಟರ್ ಮಾಡುವ ಪ್ರಸ್ತಾವ ಬಂದಿದೆ. ಸಲಹೆ, ಆಕ್ಷೇಪಣೆ ಕೊಡಲು ಇನ್ನು ಹನ್ನೆರಡು ದಿನ ಬಾಕಿ. ಮನೆಗೊಂದು ಕಾಗದ ಬರೆದರೆ ಯಾರೂ ಓದುವುದಿಲ್ಲ. ಗುಂಪಿನಿಂದ ಒಂದೇ ಪತ್ರ ಹೋಗಲಿ. ಬೇಕು, ಬೇಡ ಎಂದು ಕೈ ಎತ್ತುವ ಮೊದಲು ಕಾರಣ ಬರೆಯಿರಿ. ನೀರಿನ ದೂರು ಇಲ್ಲಿ ಬೇಡ, ಅದನ್ನು ಬೇರೆಯಾಗಿ ಮಾತಾಡೋಣ.

6ನೇ ಅಡ್ಡರಸ್ತೆ, ಬೈಕ್ ಸವಾರ:
ಇದರಲ್ಲಿ ಚರ್ಚೆ ಮಾಡೋಕೆ ಏನಿದೆ ಸಾರ್? ಅಗಲ ಮಾಡಲಿ. ನಮ್ಮ ತಿರುವಿನಿಂದ ದೊಡ್ಡ ವೃತ್ತಕ್ಕೆ ಒಂದೂವರೆ ಕಿಲೋಮೀಟರ್. ಬೆಳಿಗ್ಗೆ ನನ್ನ ಪಕ್ಕ ನಡೆದು ಹೊರಟವರು ನನಗಿಂತ ಮೊದಲೇ ತಲುಪಿರುತ್ತಾರೆ. ಊರು ಬೆಳೆದಿದೆ, ರಸ್ತೆ ಮಾತ್ರ ಹಾಗೇ ಇದೆ. ಅಷ್ಟೇ ಕಥೆ.

ಮೂಲೆ ಮನೆ:
ಗೆರೆ ನಮ್ಮ ಮುಂದಿನ ಕೋಣೆಯ ಮಧ್ಯಕ್ಕೇ ಬಂದಿದೆ. ಹಾಗಂತ ನಾನು ಬೇಡ ಅನ್ನುತ್ತಿಲ್ಲ. ಊರಿಗೆ ಒಳ್ಳೆಯದಾದರೆ ಕೋಣೆ ಹೋಗಲಿ. ಆದರೆ ಕೋಣೆ ಕೊಟ್ಟ ಮೇಲೂ ಜಾಮ್ ಅಲ್ಲೇ ಇದ್ದರೆ? ಆ ಪ್ರಶ್ನೆಗೆ ಯಾರೂ ಉತ್ತರ ಕೊಡುತ್ತಿಲ್ಲ.

5ನೇ ಅಡ್ಡರಸ್ತೆ:
ಜಾಮ್ ಅಲ್ಲೇ ಇರುತ್ತದೆ. ಬೇರೆ ಊರುಗಳಲ್ಲಿ ಹಾಗೇ ಆಗಿದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇ ಎಂಬ ಹೆದ್ದಾರಿಯನ್ನು 2008ರ ಹೊತ್ತಿಗೆ ಅಗಲ ಮಾಡಿ ಮುಗಿಸಿದರು. ಪಕ್ಕದ ಸರ್ವಿಸ್ ರಸ್ತೆಗಳನ್ನೂ ಸೇರಿಸಿದರೆ ಕೆಲವು ಕಡೆ 26 ಲೇನ್! ಕೆಲವೇ ವರ್ಷಗಳಲ್ಲಿ ಸಂಜೆ ಹೊತ್ತು ಮತ್ತೆ ಆಮೆ ನಡಿಗೆ. ಡ್ಯುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಲೆಕ್ಕ ತೆಗೆದು 2011ರಲ್ಲಿ ಬರೆದಿದ್ದು ಇದನ್ನೇ. ಹೆದ್ದಾರಿಯ ಎಲ್ಲ ಲೇನುಗಳನ್ನು ಕೂಡಿಸಿದ ಉದ್ದ ಎಷ್ಟು ಪಾಲು ಹೆಚ್ಚುತ್ತದೋ, ವಾಹನಗಳು ಓಡುವ ದೂರವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ.

6ನೇ ಅಡ್ಡರಸ್ತೆ, ಬೈಕ್ ಸವಾರ:
ಹ್ಯೂಸ್ಟನ್ ಹೆದ್ದಾರಿಗೂ ನಮ್ಮ ಗಲ್ಲಿಗೂ ಎಲ್ಲಿಂದೆಲ್ಲಿಗೆ ಹೋಲಿಕೆ? ಅಲ್ಲಿ ಮನೆಗೆ ಮೂರು ಕಾರು ಇರಬಹುದು. ಇಲ್ಲಿ ವೃತ್ತದ ಆಚೆ ಬರೀ ಎರಡು ವರ್ಷದಲ್ಲಿ ಎಷ್ಟು ಅಪಾರ್ಟ್‌ಮೆಂಟ್ ಎದ್ದವು ನೋಡಿ. ಆ ಜನ ಎಲ್ಲಿ ಓಡಾಡಬೇಕು? ಗಾಳಿಯಲ್ಲಾ?

3ನೇ ಅಡ್ಡರಸ್ತೆ, ನಿವೃತ್ತ ಎಂಜಿನಿಯರ್:
ಇಬ್ಬರ ಮಾತಿನಲ್ಲೂ ಸತ್ಯ ಇದೆ. ಆ ಅಧ್ಯಯನ ಹೆದ್ದಾರಿಗಳದ್ದು, ಊರೊಳಗಿನ ರಸ್ತೆಗೆ ಹಾಗೇ ಅಂಟಿಸಬಾರದು. ರಸ್ತೆ ಅಗಲವಾದಾಗ ಹೆಚ್ಚು ಜನ ಓಡಾಡಿದರೆ ಅದೂ ಒಂದು ಲಾಭವೇ. ಸುಳ್ಳು ಏನೆಂದರೆ "ಅಗಲ ಮಾಡಿದರೆ ಜಾಮ್ ಹೋಗುತ್ತದೆ" ಅನ್ನುವ ಭರವಸೆ. ರಸ್ತೆ ಖಾಲಿಯಾಯಿತು ಅಂದ ಕೂಡಲೇ ಬೇರೆ ದಾರಿಯಲ್ಲಿ ಹೋಗುತ್ತಿದ್ದವರು ಇಲ್ಲಿಗೆ ಬರುತ್ತಾರೆ. ಬೇಗ ಹೊರಡುತ್ತಿದ್ದವರು ನಿಧಾನವಾಗಿ ಹೊರಡುತ್ತಾರೆ. ಬಸ್ಸಿನಲ್ಲಿದ್ದವರು ಗಾಡಿ ತೆಗೆಯುತ್ತಾರೆ. ಆಂಥನಿ ಡೌನ್ಸ್ ಅನ್ನುವ ಅಮೆರಿಕದ ಅರ್ಥಶಾಸ್ತ್ರಜ್ಞರು ಈ ಲೆಕ್ಕಾಚಾರವನ್ನು 1962ರಲ್ಲೇ ಬರೆದಿದ್ದರು.

ಆದರೆ ನಮ್ಮ ರಸ್ತೆಯಲ್ಲಿ ಅಷ್ಟು ದೂರ ಹೋಗುವುದೇ ಬೇಡ. ನಮ್ಮ ಗಾಡಿಗಳು ರಸ್ತೆಯ ಮಧ್ಯೆ ಸಿಕ್ಕಿಹಾಕಿಕೊಂಡಿಲ್ಲ. ವೃತ್ತದಲ್ಲಿ ಸಿಕ್ಕಿಹಾಕಿಕೊಂಡಿವೆ. ಸ್ವಲ್ಪ ಲೆಕ್ಕ ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹಸಿರು ದೀಪ ಬಿದ್ದಾಗ ಒಂದು ಲೇನಿನಲ್ಲಿ ಸುಮಾರು 2 ಸೆಕೆಂಡಿಗೆ ಒಂದು ಕಾರು ದಾಟುತ್ತದೆ. ಇಡೀ ಗಂಟೆ ಹಸಿರೇ ಇದ್ದರೆ 1,800 ಕಾರು. ವೃತ್ತದಲ್ಲಿ ನಾಲ್ಕು ದಿಕ್ಕಿಗೂ ಒಂದೊಂದು ಸರದಿ. ಇಡೀ ಸುತ್ತು 120 ಸೆಕೆಂಡ್ ಅಂದುಕೊಳ್ಳಿ. ಪ್ರತಿ ಸರದಿ ಬದಲಾಗುವಾಗ ಸುಮಾರು 4 ಸೆಕೆಂಡ್ ಸುಮ್ನೆ ಹೋಗುತ್ತದೆ, ಒಟ್ಟು 16. ಉಳಿದ 104ರಲ್ಲಿ ನಮ್ಮ ಪಾಲು 26 ಸೆಕೆಂಡ್. ಅಂದರೆ ಒಂದು ಲೇನಿನಿಂದ ಒಂದು ಸುತ್ತಿಗೆ 13 ಕಾರು. ಗಂಟೆಗೆ 30 ಸುತ್ತು, 390 ಕಾರು. ಅದೇ ಲೇನು ವೃತ್ತದ ಹಿಂದೆ 1,800 ಹೊರುವ ಶಕ್ತಿ ಇಟ್ಟುಕೊಂಡು ಸುಮ್ಮನೆ ಕೂತಿರುತ್ತದೆ. ಬೈಕುಗಳು ಲೇನು ಲೆಕ್ಕಕ್ಕೆ ಸಿಗುವುದಿಲ್ಲ, ಸಂದಿಯಲ್ಲಿ ನುಗ್ಗುತ್ತವೆ, ಹಾಗಾಗಿ ಅಂಕಿ ಬದಲಾಗುತ್ತದೆ. ಆದರೆ ಬಾಟಲಿಯ ಕುತ್ತಿಗೆ ಎಲ್ಲಿದೆ ಅನ್ನುವುದು ಬದಲಾಗುವುದಿಲ್ಲ.

6ನೇ ಅಡ್ಡರಸ್ತೆ, ಬೈಕ್ ಸವಾರ:
ಹಾಗಾದರೆ ಅಗಲ ಮಾಡಿದರೆ ವೃತ್ತದ ಬಳಿಯೂ ಲೇನು ಜಾಸ್ತಿ ಆಗುತ್ತದೆ ಅಲ್ವಾ? ಎರಡು ಲೇನಿನ ಬದಲು ನಾಲ್ಕು ಲೇನು ದಾಟಿದರೆ ಒಂದು ಸುತ್ತಿಗೆ 26 ಅಲ್ಲ, 52 ಕಾರು. ನಿಮ್ಮ ಲೆಕ್ಕವೇ ನನ್ನ ಪರ ಇದೆ.

3ನೇ ಅಡ್ಡರಸ್ತೆ, ನಿವೃತ್ತ ಎಂಜಿನಿಯರ್:
ಒಳ್ಳೆಯ ಪ್ರಶ್ನೆ. ದಾಟಿ ಎಲ್ಲಿಗೆ ಹೋಗುತ್ತಾರೆ? ವೃತ್ತದ ಆಚೆ ರಸ್ತೆ 10 ಮೀಟರ್ ಕೂಡ ಇಲ್ಲ. ಅಲ್ಲಿ ಯಾವ ಗೆರೆಯೂ ಬಿದ್ದಿಲ್ಲ. ನಾಲ್ಕು ಲೇನಿನಲ್ಲಿ ಬಂದವರು ಒಂದು ಲೇನಿಗೆ ತೂರಿಕೊಳ್ಳಬೇಕು. ದೊಡ್ಡ ಆಲಿಕೆಯ ಬಾಯಿ ಇನ್ನೂ ದೊಡ್ಡದಾಯಿತು, ಕೆಳಗಿನ ತೂತು ಹಾಗೇ ಇದೆ. ನಿಮ್ಮ ಮಾತಿನ ಅರ್ಧ ಒಪ್ಪುತ್ತೇನೆ. ವೃತ್ತ ಸಮೀಪಿಸುವ ಕೊನೆಯ ಅರವತ್ತು ಎಪ್ಪತ್ತು ಮೀಟರಿನಲ್ಲಿ ತಿರುಗುವವರಿಗೆ ಒಂದು ಬೇರೆ ಲೇನು ಬೇಕು. ಅದಕ್ಕೆ ಒಂದೂವರೆ ಕಿಲೋಮೀಟರ್ ಉದ್ದಕ್ಕೂ ಮನೆ ಒಡೆಯಬೇಕಾಗಿಲ್ಲ.

ಮೂಲೆ ಮನೆ:
ಇಷ್ಟು ದಿನಕ್ಕೆ ಯಾರೋ ಒಬ್ಬರು ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿರಿ.

2ನೇ ಅಡ್ಡರಸ್ತೆ, ಅಜ್ಜಿ (ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ):
ಎಲ್ಲರೂ ರಸ್ತೆಯ ಉದ್ದಕ್ಕೆ ಹೋಗುವವರ ಮಾತಾಡುತ್ತಿದ್ದೀರಿ. ನಾನು ಅಡ್ಡ ದಾಟಬೇಕು. ಅದರ ಮಾತು ಯಾರಾದರೂ ಆಡಿ.

3ನೇ ಅಡ್ಡರಸ್ತೆ, ನಿವೃತ್ತ ಎಂಜಿನಿಯರ್:
ಸರಿಯಾಗಿ ಕೇಳಿದಿರಿ ಅಮ್ಮಾ. ನಡೆಯುವವರ ವೇಗ ಸೆಕೆಂಡಿಗೆ 1.2 ಮೀಟರ್ ಅಂತ ಹಿಡಿಯುತ್ತಾರೆ. 14 ಮೀಟರ್ ದಾಟಲು 12 ಸೆಕೆಂಡ್, 24 ಮೀಟರಿಗೆ 20. ನಿಧಾನ ನಡೆಯುವವರು 0.8 ಮೀಟರ್ ವೇಗದಲ್ಲಿ ಹೋದರೆ 30 ಸೆಕೆಂಡ್ ಬೇಕು. ಅಷ್ಟು ಹೊತ್ತು ಕೊಟ್ಟರೆ ಸಿಗ್ನಲ್ ಸುತ್ತು ಉದ್ದವಾಗುತ್ತದೆ, ಎಲ್ಲರೂ ಹೆಚ್ಚು ಕಾಯಬೇಕು. ಕೊಡದಿದ್ದರೆ ನೀವು ನಡುರಸ್ತೆಯಲ್ಲಿ ಸಿಕ್ಕಿಕೊಳ್ಳುತ್ತೀರಿ. ಅಗಲ ರಸ್ತೆ ಬಂದರೆ ಮಧ್ಯದಲ್ಲಿ ನಿಂತುಕೊಳ್ಳುವ ಕಟ್ಟೆ ಇರಲೇಬೇಕು ಎಂದು ಪತ್ರದಲ್ಲಿ ಬರೆಯಬೇಕು. ರಾತ್ರಿ ಖಾಲಿ ಅಗಲ ರಸ್ತೆಯಲ್ಲಿ ವೇಗವೂ ಏರುತ್ತದೆ. ವೇಗ ಎರಡರಷ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕರಷ್ಟು.

2ನೇ ಅಡ್ಡರಸ್ತೆ, ಅಜ್ಜಿ:
ನನ್ನದು 0.8 ಕೂಡ ಇಲ್ಲ, ಮಂಡಿ ನೋವು. ಬರೆಯಿರಿ.

1ನೇ ಅಡ್ಡರಸ್ತೆ:
ಒಂದು ಕಹಿ ಮಾತು. 14 ಮೀಟರಿನಲ್ಲಿ ನಿಜವಾಗಿ ಓಡಾಡಲು ಸಿಗುವುದು ಎಷ್ಟು? ಎರಡೂ ಬದಿ ಕಾರು ನಿಂತಿರುತ್ತವೆ. ಒಂದೊಂದು ಬದಿಗೆ ಎರಡೂವರೆ ಮೀಟರ್ ಹಿಡಿದರೂ ಐದು ಮೀಟರ್ ಹೋಯಿತು. ಒಂದು ಮನೆಯನ್ನೂ ಮುಟ್ಟದೆ ಐದು ಮೀಟರ್ ಅಗಲೀಕರಣ ನಾಳೆ ಬೆಳಿಗ್ಗೆಯೇ ಸಾಧ್ಯ. ಆ ಕಾರುಗಳು ಹೊರಗಿನವರದ್ದಲ್ಲ ಎಂಬುದು ಎಲ್ಲರಿಗೂ ಗೊತ್ತು. ಒಂದು ಬೂದು ಬಣ್ಣದ್ದಂತೂ ದಿನವೂ ಬಸ್ ನಿಲ್ದಾಣದ ಪಕ್ಕದಲ್ಲೇ ಇರುತ್ತದೆ.

ಕಾರ್ಯದರ್ಶಿ:
ಬೂದು ಬಣ್ಣದ್ದು ನನ್ನದು. ಗೇಟಿನ ಒಳಗೆ ಜಾಗ ಇದೆ, ಹಿಂದೆ ತೆಗೆಯೋಕೆ ಸೋಮಾರಿತನ. ಇವತ್ತಿನಿಂದ ಒಳಗೆ.

5ನೇ ಅಡ್ಡರಸ್ತೆ:
ಬಸ್ ನಿಲ್ದಾಣವನ್ನೂ ಸೇರಿಸಿ. ಅದು ವೃತ್ತದ ಬಾಯಲ್ಲೇ, ಸಿಗ್ನಲ್ಲಿಗೆ ಮುಂಚೆ ಇದೆ. ಬಸ್ ನಿಂತರೆ ಹಸಿರು ದೀಪ ಇದ್ದರೂ ಹಿಂದಿನವರು ದಾಟುವಂತಿಲ್ಲ. ವೃತ್ತ ದಾಟಿದ ಮೇಲೆ, ಸ್ವಲ್ಪ ಒಳಗೆ ಸರಿಸಿ ನಿಲ್ದಾಣ ಮಾಡಿದರೆ ಅರ್ಧ ತಲೆನೋವು ಹೋಗುತ್ತದೆ. ಅಗಲ ಮಾಡಲೇಬೇಕು ಅನ್ನುವುದಾದರೆ ಹೊಸ ಲೇನು ಬಸ್ಸಿಗೆ ಕೊಡಲಿ. ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಸ್ಥೆ ನ್ಯಾಕ್ಟೋದ ಲೆಕ್ಕದಲ್ಲಿ ಬರೀ ಖಾಸಗಿ ವಾಹನಗಳ ಒಂದು ಲೇನು ಗಂಟೆಗೆ 600ರಿಂದ 1,600 ಜನರನ್ನು ಸಾಗಿಸುತ್ತದೆ. ಅದೇ ಅಗಲದ ಬಸ್ ಲೇನು 4,000ದಿಂದ 8,000 ಜನರನ್ನು.

6ನೇ ಅಡ್ಡರಸ್ತೆ, ಬೈಕ್ ಸವಾರ:
ಬಸ್ ಬಂದರೆ ತಾನೇ! ಮೂವತ್ತು ನಿಮಿಷಕ್ಕೊಂದು ಬಸ್ ಓಡಿಸಿ ಇಡೀ ಲೇನು ಕೊಟ್ಟರೆ ಅದು ಕ್ರಿಕೆಟ್ ಮೈದಾನ ಆಗುತ್ತದೆ.

5ನೇ ಅಡ್ಡರಸ್ತೆ:
ಅದೂ ನಿಜ. "ಬಸ್ಸಿನ ಸಂಖ್ಯೆಯೂ ಹೆಚ್ಚಬೇಕು" ಎಂದು ಸೇರಿಸೋಣ.

7ನೇ ಅಡ್ಡರಸ್ತೆ:
ನೀವೆಲ್ಲ ಮುಖ್ಯರಸ್ತೆಯನ್ನೇ ಹಿಡಿದುಕೊಂಡಿದ್ದೀರಿ. ಎಲ್ಲ ಗಾಡಿ ಅಲ್ಲಿಗೇ ಯಾಕೆ ಬರುತ್ತವೆ? ಬೇರೆ ದಾರಿ ಇಲ್ಲ, ಅದಕ್ಕೆ. ನಮ್ಮ ಬಡಾವಣೆಯ ಹತ್ತು ಅಡ್ಡರಸ್ತೆಯೂ ಹಳ್ಳದ ಅಂಚಿಗೆ ಬಂದು ಮುಗಿಯುತ್ತವೆ. ಹಳ್ಳದ ಆಚೆಯವರದ್ದೂ ಅದೇ ಪಾಡು. 3ನೇ ಅಡ್ಡರಸ್ತೆಯ ಕೊನೆಯಲ್ಲಿ ಒಂದು ಸಣ್ಣ ಸೇತುವೆ ಹಾಕಿದರೆ ಕಣ್ಣಿಗೆ ಕಾಣುವ ಪಕ್ಕದ ಬಡಾವಣೆಗೆ ಹೋಗಲು ವೃತ್ತ ಸುತ್ತಬೇಕಾಗಿಲ್ಲ.

3ನೇ ಅಡ್ಡರಸ್ತೆ, ಮಹಡಿ ಮನೆ:
ದಯವಿಟ್ಟು! ಸೇತುವೆ ಹಾಕಿದ ಮರುದಿನವೇ ಇಡೀ ಊರಿನ ಗಾಡಿ ನಮ್ಮ ಬಾಗಿಲ ಮುಂದೆ ಓಡುತ್ತದೆ. ಮಕ್ಕಳು ರಸ್ತೆಯಲ್ಲಿ ಆಡುತ್ತಾರೆ. ನೀವು 7ನೇ ಅಡ್ಡರಸ್ತೆಯಲ್ಲಿ ಕೂತು ಬರೆಯುವುದು ಸುಲಭ. ಸೇತುವೆ ಅಷ್ಟು ಒಳ್ಳೆಯದಾದರೆ ನಿಮ್ಮ ರಸ್ತೆಯ ಕೊನೆಗೇ ಹಾಕಿಸಿಕೊಳ್ಳಿ.

7ನೇ ಅಡ್ಡರಸ್ತೆ:
ನಮ್ಮ ಕಡೆ ಹಳ್ಳ ಅಗಲ ಇದೆ, ಅದಕ್ಕೆ ಹೇಳಿದೆ.

3ನೇ ಅಡ್ಡರಸ್ತೆ, ಮಹಡಿ ಮನೆ:
ಎಷ್ಟು ಅನುಕೂಲ!

3ನೇ ಅಡ್ಡರಸ್ತೆ, ನಿವೃತ್ತ ಎಂಜಿನಿಯರ್:
ನಾನೂ 3ನೇ ಅಡ್ಡರಸ್ತೆಯವನೇ, ನನ್ನ ಮನೆ ಮುಂದೆಯೂ ಹೋಗುತ್ತದೆ. ಸಿಟ್ಟು ಬಿಟ್ಟು ಕೇಳಿ. ಕಾರಿಗೆ ಹೊಸ ದಾರಿ ತೆರೆದರೆ ಯಾವಾಗಲೂ ಒಳ್ಳೆಯದೇ ಆಗುತ್ತದೆ ಅಂತ ಇಲ್ಲ. ಎಲ್ಲರೂ ತಮಗೆ ಹತ್ತಿರ ಅನ್ನಿಸಿದ ಹೊಸ ದಾರಿ ಹಿಡಿದು, ಕೊನೆಗೆ ಎಲ್ಲರ ಪ್ರಯಾಣವೂ ನಿಧಾನವಾಗಬಹುದು ಎಂದು ಡೀಟ್ರಿಶ್ ಬ್ರೆಸ್ ಎಂಬ ಜರ್ಮನ್ ಗಣಿತಜ್ಞ 1968ರಲ್ಲೇ ತೋರಿಸಿದ. ಎಲ್ಲ ಕಡೆ ಹಾಗೇ ಆಗುತ್ತದೆ ಎಂದಲ್ಲ, ಆಗಬಹುದು. ಅದಕ್ಕೆ ಸೇತುವೆ ಬೇಡ ಅನ್ನುವುದಲ್ಲ, ಯಾರಿಗೆ ಸೇತುವೆ ಅನ್ನುವುದು ಪ್ರಶ್ನೆ. ನೆದರ್‌ಲ್ಯಾಂಡ್ಸಿನ ಖ್ರೋನಿಂಗನ್ ಊರಿನಲ್ಲಿ 1977ರಲ್ಲಿ ನಡುಪೇಟೆಯನ್ನು ನಾಲ್ಕು ಭಾಗ ಮಾಡಿದರು. ಕಾರಿನವರು ಒಂದು ಭಾಗದಿಂದ ಇನ್ನೊಂದಕ್ಕೆ ನೇರವಾಗಿ ಹೋಗುವಂತಿಲ್ಲ, ಹೊರಗಿನ ಸುತ್ತುರಸ್ತೆಗೆ ಹೋಗಿ ಬರಬೇಕು. ನಡೆಯುವವರು, ಸೈಕಲಿನವರು ನೇರವಾಗಿ ಹೋಗಬಹುದು. ನಮ್ಮ ಸೇತುವೆಯೂ ಹಾಗೇ ಇರಲಿ. ಅಗಲ ಮೂರು ಮೀಟರ್, ಎರಡೂ ತುದಿಗೆ ಕಂಬ. ನಡೆಯುವವರಿಗೆ, ಸೈಕಲಿಗೆ ಮಾತ್ರ.

3ನೇ ಅಡ್ಡರಸ್ತೆ, ಮಹಡಿ ಮನೆ:
ಕಂಬ ಯಾರೂ ಕೀಳದ ಹಾಗೆ ಇದ್ದರೆ ಒಪ್ಪುತ್ತೇನೆ. ಬೈಕು?

6ನೇ ಅಡ್ಡರಸ್ತೆ, ಬೈಕ್ ಸವಾರ:
ಬೈಕಿಗೆ ಬಿಡಬೇಕು.

3ನೇ ಅಡ್ಡರಸ್ತೆ, ಮಹಡಿ ಮನೆ:
ಬೈಕಿಗೆ ಬಿಡಬಾರದು.

ಕಾರ್ಯದರ್ಶಿ:
ಇದನ್ನು ಭಾನುವಾರದ ಸಭೆಗೆ ಇಟ್ಟುಕೊಳ್ಳೋಣ. ಪತ್ರದಲ್ಲಿ "ನಡೆಯುವವರಿಗೆ ಮತ್ತು ಸೈಕಲಿಗೆ ಸೇತುವೆ" ಎಂದಷ್ಟೇ ಇರಲಿ.

9ನೇ ಅಡ್ಡರಸ್ತೆ:
ಪೀಕ್ ಹೊತ್ತಿನಲ್ಲಿ ಊರೊಳಗೆ ಬರುವ ಕಾರಿಗೆ ಸುಂಕ ಹಾಕಿದರೆ? ಸಿಂಗಪುರದಲ್ಲಿ 1975ರಿಂದ, ಲಂಡನ್ನಿನಲ್ಲಿ 2003ರಿಂದ ಇದೆ. ಸ್ಟಾಕ್‌ಹೋಮಿನಲ್ಲಿ 2006ರಲ್ಲಿ ಪ್ರಯೋಗ ಮಾಡಿದಾಗ ಸುಂಕದ ಗಡಿ ದಾಟುವ ವಾಹನಗಳು ಸುಮಾರು ಐದನೇ ಒಂದು ಭಾಗ ಕಮ್ಮಿಯಾದವು. ಆಮೇಲೆ ಜನಮತ ತೆಗೆದುಕೊಂಡು ಕಾಯಂ ಮಾಡಿದರು.

ಕಾರ್ಯದರ್ಶಿ:
ಒಳ್ಳೆಯ ವಿಷಯ, ಆದರೆ ಒಂದು ರಸ್ತೆಯ ಆಕ್ಷೇಪಣೆಯಲ್ಲಿ ಹೇಳುವಂಥದ್ದಲ್ಲ. ಇಡೀ ನಗರದ ಯೋಜನೆ ಬಂದಾಗ ನೀವೇ ಬರೆಯಬೇಕು.

ಮೂಲೆ ಮನೆ:
ಹಾಗಾದರೆ ನಾವು ಬೇಕು ಅನ್ನುತ್ತಿದ್ದೇವೋ, ಬೇಡ ಅನ್ನುತ್ತಿದ್ದೇವೋ?

ಕಾರ್ಯದರ್ಶಿ:
ನನಗೆ ಅರ್ಥವಾಗಿದ್ದು ಹೀಗೆ. ಮೊದಲು ವೃತ್ತ, ಆಮೇಲೆ ರಸ್ತೆ. ವೃತ್ತದಲ್ಲಿ ಯಾವ ದಿಕ್ಕಿಗೆ ಎಷ್ಟು ಗಾಡಿ, ಎಷ್ಟು ಜನ ಹೋಗುತ್ತಾರೆ ಎಂಬ ಎಣಿಕೆ ನಡೆದಿದ್ದರೆ ತೋರಿಸಿ ಎಂದು ಕೇಳುತ್ತೇವೆ. ವೃತ್ತದ ಆಚೆಯ ರಸ್ತೆಗೆ ಏನು ಯೋಜನೆ ಎಂದು ಕೇಳುತ್ತೇವೆ. ತಿರುವಿನ ಲೇನು, ನಿಲ್ದಾಣ ಸರಿಸುವುದು, ರಸ್ತೆ ಬದಿ ಕಾರು ನಿಲ್ಲಿಸದಂತೆ ಮಾಡುವುದು, ದಾಟಲು ಕಟ್ಟೆ, ಸೇತುವೆ. ಇಷ್ಟು ಮಾಡಿ ಆರು ತಿಂಗಳು ನೋಡಿ, ಅಲ್ಲಿವರೆಗೆ ಮನೆ ಒಡೆಯಬೇಡಿ ಎನ್ನುತ್ತೇವೆ. ಅಗಲೀಕರಣ ಯಾವತ್ತೂ ಬೇಡ ಎಂದು ಬರೆಯುವುದಿಲ್ಲ, ಅದಕ್ಕೆ ಗುಂಪಿನಲ್ಲಿ ಒಪ್ಪಿಗೆ ಇಲ್ಲ.

3ನೇ ಅಡ್ಡರಸ್ತೆ, ನಿವೃತ್ತ ಎಂಜಿನಿಯರ್:
ಎಣಿಕೆ ತೋರಿಸಿ ಎಂದು ಕೇಳುವುದರ ಜೊತೆಗೆ ನಾವೂ ಎಣಿಸೋಣ. ನಮ್ಮ ಕೈಯಲ್ಲಿ ಅಂಕಿ ಇದ್ದರೆ ಮಾತಿಗೆ ತೂಕ ಬರುತ್ತದೆ. ಮಂಗಳ, ಬುಧ, ಗುರುವಾರ ಸಾಕು. ಸೋಮವಾರ ಮತ್ತು ಶುಕ್ರವಾರ ಓಡಾಟ ಬೇರೆ ಥರ ಇರುತ್ತದೆ. ಬೆಳಿಗ್ಗೆ 8ರಿಂದ 10, ಸಂಜೆ 5ರಿಂದ 8. ಹದಿನೈದು ನಿಮಿಷಕ್ಕೊಂದು ಸಾಲು. ಎಡಕ್ಕೆ, ನೇರ, ಬಲಕ್ಕೆ ಅಂತ ಬೇರೆ ಬೇರೆ. ಬೈಕು, ಕಾರು, ಬಸ್ಸು, ಲಾರಿ, ಸೈಕಲ್ ಬೇರೆ ಬೇರೆ. ಅಡ್ಡ ದಾಟುವವರನ್ನು ಮರೆಯಬೇಡಿ, ಸಾಮಾನ್ಯವಾಗಿ ಅವರನ್ನು ಯಾರೂ ಎಣಿಸುವುದಿಲ್ಲ. ಒಂದು ದಿಕ್ಕಿಗೆ ಇಬ್ಬರು ಬೇಕು. ಕಾಗದದ ನಮೂನೆ ನಾನು ಮಾಡಿ ಕಳಿಸುತ್ತೇನೆ.

1ನೇ ಅಡ್ಡರಸ್ತೆ:
ಮಂಗಳವಾರ ಸಂಜೆ ನಾನು, ನನ್ನ ಮಗ.

2ನೇ ಅಡ್ಡರಸ್ತೆ, ಅಜ್ಜಿ:
ದಾಟುವವರನ್ನು ಎಣಿಸುವುದು ನನ್ನ ಕೆಲಸ. ಕುರ್ಚಿ ಯಾರಾದರೂ ತಂದುಕೊಡಿ.

3ನೇ ಅಡ್ಡರಸ್ತೆ, ಮಹಡಿ ಮನೆ:
ಕುರ್ಚಿ ನಮ್ಮದು. ಬುಧವಾರ ಬೆಳಿಗ್ಗೆಗೆ ನನ್ನ ಹೆಸರೂ ಬರೆದುಕೊಳ್ಳಿ.

ಕಾರ್ಯದರ್ಶಿ:
ಮಂಗಳವಾರ ಬೆಳಿಗ್ಗೆ ನಮ್ಮ ಕಡೆಯ ದಿಕ್ಕಿಗೆ ಇನ್ನೊಬ್ಬರು ಬೇಕು. ಎಂಟು ಗಂಟೆಗೆ ಯಾರೂ ಬಿಡುವಿಲ್ಲ ಅನ್ನುತ್ತಿದ್ದಾರೆ.

6ನೇ ಅಡ್ಡರಸ್ತೆ, ಬೈಕ್ ಸವಾರ:
ನನ್ನನ್ನು ಹಾಕಿ. ಹೇಗಿದ್ದರೂ ಎಂಟು ಗಂಟೆಗೆ ನಾನು ಅಲ್ಲೇ ನಿಂತಿರುತ್ತೇನೆ.