ಎಚ್‌ಐವಿ ಜೊತೆ ಹೆಪಟೈಟಿಸ್ ಬಿ: ಮಾತ್ರೆ ಬಿಟ್ಟು ಇಂಜೆಕ್ಷನ್‌ಗೆ ಹೋಗಬಹುದೇ?

ಪ್ರಶ್ನೆ
ಎಚ್‌ಐವಿಗೆ ಟಿಎಲ್‌ಡಿ ಮಾತ್ರೆ (ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿ.ಗ್ರಾಂ) ಶುರುವಾಗಿ ಆರು ತಿಂಗಳು. ಎಚ್‌ಐವಿ ವೈರಲ್ ಲೋಡ್ ಪತ್ತೆಯಾಗುತ್ತಿಲ್ಲ. ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಸೋಂಕು ತೋರಿಸುವ ರಕ್ತಪರೀಕ್ಷೆ) ಮೊದಲಿನಿಂದಲೂ ಪಾಸಿಟಿವ್, ಎಎಲ್‌ಟಿ (ಯಕೃತ್ತಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಕಿಣ್ವ) ನಾರ್ಮಲ್. ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ತ್ಯಾಜ್ಯ, ರಕ್ತದಲ್ಲಿ ಅಳೆಯುವುದು) 0.9 ಇದ್ದದ್ದು 1.0 ಆಗಿದೆ. ಕಿಡ್ನಿಗೆ ತೊಂದರೆಯೆಂದು ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರಾವಿರ್–ರಿಲ್ಪಿವಿರಿನ್ ಇಂಜೆಕ್ಷನ್‌ಗೆ ಬದಲಾಯಿಸಬಹುದೇ?

ಉತ್ತರ 1
ಇಂಜೆಕ್ಷನ್ ಒಂದನ್ನೇ ನೆಚ್ಚಿಕೊಂಡು ದಯವಿಟ್ಟು ಬದಲಾಯಿಸಬೇಡಿ. ಆ ಎರಡೂ ಔಷಧಿಗಳು ಹೆಪಟೈಟಿಸ್ ಬಿ ವೈರಸ್ಸನ್ನು ಹತ್ತಿಕ್ಕುವುದಿಲ್ಲ. ಟಿಎಲ್‌ಡಿಯಲ್ಲಿ ಆ ಕೆಲಸ ಮಾಡುತ್ತಿರುವುದು ಟೆನೊಫೊವಿರ್ ಮತ್ತು ಲ್ಯಾಮಿವುಡಿನ್. ಎಎಲ್‌ಟಿ ನಾರ್ಮಲ್ ಇರುವುದು ವೈರಸ್ ಹೋಗಿದೆ ಎಂಬುದಕ್ಕೆ ಗುರುತಲ್ಲ. ಅದರ ಡಿಎನ್‌ಎ ಯಕೃತ್ತಿನ ಜೀವಕೋಶದ ಕೇಂದ್ರದಲ್ಲಿ ಉಳಿದಿರುತ್ತದೆ. ಔಷಧಿ ನಿಂತ ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಎಎಲ್‌ಟಿ ಹಲವು ಪಟ್ಟು ಏರಿ ಕಾಮಾಲೆ ಬರಬಹುದು. ಸಿರೋಸಿಸ್ (ಯಕೃತ್ತು ಗಟ್ಟಿಯಾಗಿ ಕೆಡುವುದು) ಇದ್ದವರಿಗೆ ಪ್ರಾಣಾಪಾಯ. ಇಂಜೆಕ್ಷನ್ ಬೇಕೇ ಬೇಕೆಂದರೆ ಹೆಪಟೈಟಿಸ್ ಬಿಗೆ ದಿನಕ್ಕೊಂದು ಮಾತ್ರೆ ಮುಂದುವರಿಯಲೇಬೇಕು. ಹಾಗಾದರೆ ಇಂಜೆಕ್ಷನ್‌ನಿಂದ ಸಿಗುವ ಅನುಕೂಲವೇನು ಎಂದು ಯೋಚಿಸಿ.

ಉತ್ತರ 2
ಕ್ರಿಯಾಟಿನಿನ್ ಬಗ್ಗೆ. ಡೊಲುಟೆಗ್ರಾವಿರ್ ಶುರುವಾದ ಮೊದಲ ವಾರಗಳಲ್ಲೇ 0.1ರಿಂದ 0.2ರಷ್ಟು ಏರುವುದು ಸಾಮಾನ್ಯ. ಕಿಡ್ನಿ ನಳಿಕೆಗಳು ಕ್ರಿಯಾಟಿನಿನ್ ಹೊರಹಾಕುವುದನ್ನು ಅದು ತಡೆಯುತ್ತದೆ, ಸೋಸುವ ಶಕ್ತಿಯನ್ನು ಕುಗ್ಗಿಸುವುದಿಲ್ಲ. ನಿಜವಾದ ಟೆನೊಫೊವಿರ್ ಹಾನಿ ಮೂತ್ರದಲ್ಲಿ ಕಾಣುತ್ತದೆ: ಪ್ರೋಟೀನ್, ರಕ್ತದ ಸಕ್ಕರೆ ಸರಿಯಿದ್ದರೂ ಮೂತ್ರದಲ್ಲಿ ಗ್ಲೂಕೋಸ್, ಜೊತೆಗೆ ರಕ್ತದಲ್ಲಿ ಫಾಸ್ಫೇಟ್ ಇಳಿತ. ಅವನ್ನು ನೋಡದೆ ಟೆನೊಫೊವಿರ್ ಮೇಲೆ ತಪ್ಪು ಹೊರಿಸಬೇಡಿ.

ಹಾನಿ ಖಚಿತವಾದರೆ, ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ನಿಮಿಷಕ್ಕೆ ಎಷ್ಟು ಮಿ.ಲೀ. ಸೋಸುತ್ತದೆಂಬ ಅಂದಾಜು) 30ಕ್ಕಿಂತ ಮೇಲಿರುವವರಿಗೆ ಟೆನೊಫೊವಿರ್‌ನ ಇನ್ನೊಂದು ರೂಪವಾದ ಟೆನೊಫೊವಿರ್ ಅಲಾಫೆನಮೈಡ್ 25 ಮಿ.ಗ್ರಾಂ ದಾರಿ. ಅದೂ ಆಗದಿದ್ದರೆ ಎಂಟೆಕಾವಿರ್ ಎಂಬ ಹೆಪಟೈಟಿಸ್ ಬಿ ಔಷಧಿ. ಆದರೆ ಅದನ್ನು ಎಚ್‌ಐವಿಯ ಪೂರ್ಣ ಚಿಕಿತ್ಸೆಯ ಜೊತೆಗೇ ಕೊಡಬೇಕು. ಎಚ್‌ಐವಿ ಹತೋಟಿಯಲ್ಲಿಲ್ಲದವರಿಗೆ ಎಂಟೆಕಾವಿರ್ ಒಂದನ್ನೇ ಕೊಟ್ಟರೆ ಎಚ್‌ಐವಿ ವೈರಸ್ಸಿನಲ್ಲಿ ಎಂ184ವಿ ಎಂಬ ರೂಪಾಂತರ ಹುಟ್ಟಿ ಲ್ಯಾಮಿವುಡಿನ್ ಕೈಕೊಡುತ್ತದೆ.

ಉತ್ತರ 3
ಡೊಲುಟೆಗ್ರಾವಿರ್–ಲ್ಯಾಮಿವುಡಿನ್ ಜೋಡಿ ಮಾತ್ರೆಯೂ ಇಲ್ಲಿ ಸಲ್ಲದು. ಹೆಪಟೈಟಿಸ್ ಬಿ ಎದುರು ಲ್ಯಾಮಿವುಡಿನ್ ಒಂಟಿಯಾಗಿಬಿಟ್ಟರೆ ವೈರಸ್ ಅದಕ್ಕೆ ಬೇಗ ಒಗ್ಗಿಕೊಳ್ಳುತ್ತದೆ.

ಎಚ್‌ಬಿಎಸ್‌ಎಜಿ ನೆಗೆಟಿವ್ ಇರುವವರಿಗೂ ಒಂದು ಮಾತು: ಟೆನೊಫೊವಿರ್ ಬಿಡುವ ಮುನ್ನ ಆ್ಯಂಟಿ-ಎಚ್‌ಬಿಸಿ (ಹಿಂದೆ ಸೋಂಕು ತಗುಲಿತ್ತೇ ಎಂದು ತಿಳಿಸುವ ಪರೀಕ್ಷೆ), ಆ್ಯಂಟಿ-ಎಚ್‌ಬಿಎಸ್ (ರಕ್ಷಣೆ ಇದೆಯೇ ಎಂದು ತಿಳಿಸುವ ಪರೀಕ್ಷೆ) ಎರಡನ್ನೂ ಮಾಡಿಸಿ. ಎರಡೂ ನೆಗೆಟಿವ್ ಬಂದರೆ ಲಸಿಕೆ ಬೇಕು. ಸಾಮಾನ್ಯವಾಗಿ 40 ಮೈಕ್ರೋಗ್ರಾಂನ ಇಮ್ಮಡಿ ಡೋಸು, 0, 1, 2, 6ನೇ ತಿಂಗಳಲ್ಲಿ. ಕೊನೆಯ ಡೋಸಾದ ಒಂದೆರಡು ತಿಂಗಳಿಗೆ ಆ್ಯಂಟಿ-ಎಚ್‌ಬಿಎಸ್ 10 ದಾಟಿದೆಯೇ ನೋಡಿ. ಈ ಕೊನೆಯ ಪರೀಕ್ಷೆಯನ್ನು ಬಿಡಬೇಡಿ, ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಕಡಿಮೆಯಿದ್ದವರಲ್ಲಿ ಲಸಿಕೆ ಹಿಡಿಯದೆ ಹೋಗುವುದುಂಟು.