ಚಿಗಟಗಳ ನಿಶ್ಚಿತ ಠೇವಣಿ

ಹದಿನೈದು ದಿನಗಳ ತೀರ್ಥಯಾತ್ರೆ ಮುಗಿಸಿ, ಮಲ್ಲೇಶ್ವರದ ನಮ್ಮ ಮನೆಯ ಬೀಗ ತೆಗೆದು ಒಳಗೆ ಕಾಲಿಟ್ಟ ಐದೇ ನಿಮಿಷಗಳಲ್ಲಿ ನನಗೂ ನನ್ನ ಹೆಂಡತಿಗೂ ಪಾದದಿಂದ ಮೊಣಕಾಲಿನವರೆಗೆ ತುರಿಕೆ ಹತ್ತಿಕೊಂಡಿತೆಂಬ ಸುದ್ದಿ, ಸಂಜೆಯ ಕಾಫಿಯ ಹೊತ್ತಿಗೆ ಬೀದಿಗೆಲ್ಲ ತಲುಪಿತ್ತು. ನಾಯಿ ಕರಿಯನನ್ನು ಪದ್ಮಕ್ಕನವರ ಮನೆಯಲ್ಲಿ ಬಿಟ್ಟು ಹೋಗಿದ್ದೆವು. ನಾಯಿಯೂ ಇಲ್ಲದ, ನರಮನುಷ್ಯರೂ ಇಲ್ಲದ ಮನೆಯಲ್ಲಿ ಚಿಗಟಗಳು ಇಷ್ಟು ದಿನ ಯಾರ ಋಣದಲ್ಲಿ ಬದುಕಿದ್ದವು ಎಂಬುದೇ ಅಂದು ನಮ್ಮ ಜಗಲಿಯ ಚರ್ಚೆಯಾಯಿತು.

“ಹೊರಡುವ ಮುನ್ನ ಕರಿಯನಿಗೆ ಸ್ನಾನ ಮಾಡಿಸಿ, ಸಣ್ಣ ಬಾಚಣಿಗೆಯಿಂದ ಬಾಚಿ, ಮೂವತ್ತೇಳು ಚಿಗಟಗಳನ್ನು ಸೋಪಿನ ನೀರಿನಲ್ಲಿ ಮುಳುಗಿಸಿದ್ದೆ,” ಎಂದು ನಾನು ನನ್ನ ಪರಾಕ್ರಮವನ್ನು ನಿವೇದಿಸಿಕೊಂಡೆ.

“ಶಿಲ್ಕು ಎಷ್ಟು ಉಳಿದಿತ್ತು?” ಎಂದು ಬ್ಯಾಂಕಿನಿಂದ ನಿವೃತ್ತರಾದ ಶೀನಣ್ಣ ಕೇಳಿದರು.

ಜೀವಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು ಲೋಟ ಕೆಳಗಿಟ್ಟರು. “ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ, ಶೀನಣ್ಣ. ನಾಯಿಯ ಮೈಮೇಲೆ ಓಡಾಡುವುದು ಚಾಲ್ತಿ ಖಾತೆ. ಅದು ಇಡೀ ಸಂಸಾರದ ಶೇಕಡಾ 5ರಷ್ಟು ಮಾತ್ರ. ಉಳಿದದ್ದೆಲ್ಲ ಮೊಟ್ಟೆ, ಮರಿಹುಳು, ಗೂಡುಗಳಾಗಿ ಜಮಖಾನದಲ್ಲಿ, ಸೋಫಾದ ಸಂದಿಯಲ್ಲಿ ನಿಶ್ಚಿತ ಠೇವಣಿಯಾಗಿರುತ್ತದೆ. ಹೆಣ್ಣು ಚಿಗಟ ದಿನಕ್ಕೆ 40ರ ಸುಮಾರು ಮೊಟ್ಟೆ ಇಡಬಲ್ಲದು, ಅವು ರೋಮಕ್ಕೆ ಅಂಟಿಕೊಳ್ಳದೆ ನಾಯಿ ಮಲಗಿದಲ್ಲೆಲ್ಲ ಉದುರುತ್ತವೆ. ಮರಿಹುಳುಗಳಿಗೆ ಆಹಾರವೆಂದರೆ ತಂದೆತಾಯಿಗಳ ಹಿಕ್ಕೆ, ಅಂದರೆ ಒಣಗಿದ ರಕ್ತ. ನಂಬಿಕೆಯಿಲ್ಲದಿದ್ದರೆ ಕರಿಯನ ಮೈಯಿಂದ ಬಾಚಿದ ಕಪ್ಪು ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿ ನೋಡಿ.”

ಹಾಕಿ ನೋಡಿದೆವು. ಮಣ್ಣೆಂದುಕೊಂಡಿದ್ದ ಕಣಗಳ ಸುತ್ತ ಕುಂಕುಮ ಕದಡಿದಂತೆ ಕೆಂಪು ಹರಡಿತು. ಶೀನಣ್ಣ ಕೈಯಲ್ಲಿದ್ದ ಕೋಡುಬಳೆಯನ್ನು ತಟ್ಟೆಗೆ ಹಿಂದಿರುಗಿಸಿದರು.

“ಗೂಡು ಕಟ್ಟಿಕೊಂಡ ಚಿಗಟ ತಿಂಗಳುಗಟ್ಟಲೆ ಉಪವಾಸವಿದ್ದು, ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಗಾಳಿ ತಾಗಿದೊಡನೆ ಹೊರಗೆ ನೆಗೆಯುತ್ತದೆ,” ಎಂದು ಮೇಷ್ಟ್ರು ಮುಂದುವರಿಸಿದರು.

“ಅಂದರೆ ಇವರು ಬೀಗ ತೆಗೆದ ಗಳಿಗೆಯೇ ಠೇವಣಿಯ ವಾಯಿದೆ ಮುಗಿದ ಗಳಿಗೆ! ಬಡ್ಡಿಯನ್ನು ದಂಪತಿಗಳ ಕಾಲಿನಿಂದ ವಸೂಲು ಮಾಡಲಾಗಿದೆ,” ಎಂದರು ಶೀನಣ್ಣ.

ಇಷ್ಟರಲ್ಲಿ ಪದ್ಮಕ್ಕನವರು, ನಿಮ್ಮ ನಾಯಿಯಿಂದಲೇ ನಮ್ಮ ಬೆಕ್ಕು ಪುಟ್ಟಿಯೂ ಕೆರೆದುಕೊಳ್ಳುತ್ತಿದ್ದಾಳೆ ಎಂದು ದೂರಿತ್ತರು. ನಾಯಿಗಳ ಮೇಲೂ ಹೆಚ್ಚಾಗಿ ಇರುವುದು ‘ಬೆಕ್ಕಿನ ಚಿಗಟ’ ಎಂಬ ಜಾತಿಯೇ ಎಂದು ಮೇಷ್ಟ್ರು ತಿಳಿಸಿದಾಗ, ಕರಿಯನ ಮಾನ ಉಳಿಯಿತು. ಪದ್ಮಕ್ಕನವರ ಮುಖ ಮಾತ್ರ ಗಡಿಗೆಯಾಯಿತು.

“ಹಾಗಾದರೆ ಕರಿಯನ ಔಷಧದಲ್ಲೇ ಎರಡು ಹನಿ ಪುಟ್ಟಿಗೂ ಹಾಕುತ್ತೇನೆ.”

“ಬೇಡ, ಅಮ್ಮಾ!” ಮೇಷ್ಟ್ರು ಎದ್ದೇ ನಿಂತರು. “ನಾಯಿಯ ಔಷಧಗಳಲ್ಲಿ ಕೆಲವಕ್ಕೆ ಪರ್ಮೆಥ್ರಿನ್ ಎಂಬ ಕೀಟನಾಶಕ ಸೇರಿಸಿರುತ್ತಾರೆ. ಅದು ಬೆಕ್ಕಿಗೆ ವಿಷ, ಪ್ರಾಣವನ್ನೇ ತೆಗೆದೀತು. ಪಶುವೈದ್ಯರು ತೂಕ ನೋಡಿ ಬೆಕ್ಕಿಗೆಂದೇ ಕೊಡುವುದನ್ನು ಹಾಕಿ. ಎರಡೂ ಮನೆಗಳಲ್ಲಿ ಒಂದೇ ಕಾಲಕ್ಕೆ ಹಾಕಿ.”

ಬೇವಿನ ಸೊಪ್ಪಿನ ಹೊಗೆ ಹಾಕೋಣವೆಂದು ಶೀನಣ್ಣ ಸೂಚಿಸಿದರು. ಅದರಿಂದ ನಾವು ಮನೆ ಬಿಡುತ್ತೇವೆ, ಚಿಗಟ ಬಿಡುವುದಿಲ್ಲ ಎಂದು ನನ್ನ ಹೆಂಡತಿ ಒಳಗಿನಿಂದಲೇ ತಳ್ಳಿಹಾಕಿದಳು. 1898ರ ಪ್ಲೇಗಿನ ಬಳಿಕ ಪೇಟೆಯ ಇಕ್ಕಟ್ಟಿನಿಂದ ಜನ ಮಲ್ಲೇಶ್ವರಕ್ಕೆ ಬಂದು ನೆಲೆಸಿದ್ದನ್ನೂ, ಅದೇ ವರ್ಷ ಪಾಲ್ ಲೂಯಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಇಲಿಯ ಚಿಗಟದಿಂದಲೇ ಪ್ಲೇಗು ಹರಡುವುದನ್ನು ಪ್ರಯೋಗದಿಂದ ತೋರಿಸಿದ್ದನ್ನೂ ಮೇಷ್ಟ್ರು ನೆನಪಿಸಿದಾಗ, ಚಿಗಟಕ್ಕೆ ಹೆದರಿ ನಾವು ಮರಳಿ ಪೇಟೆಗೆ ಹೋಗಬೇಕೇ ಎಂದು ನಾನು ಕೇಳಿದೆ.

ಬೇಕಿಲ್ಲವಂತೆ. ಹಾಸಿಗೆ, ಹೊದಿಕೆಗಳನ್ನು 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಯಬೇಕು, ದಿನವೂ ವ್ಯಾಕ್ಯೂಮ್ ಹೊಡೆದು ಅದರ ಕಸವನ್ನು ಕೂಡಲೇ ಹೊರಗೆ ಸಾಗಿಸಬೇಕು, ನಾಯಿಯ ಔಷಧವನ್ನು ಕೆಲವು ತಿಂಗಳು ತಪ್ಪಿಸಬಾರದು. ಆದರೆ ಗೂಡಿನೊಳಗಿರುವುದಕ್ಕೆ ಯಾವ ಸಿಂಪಡಣೆಯೂ ಸರಿಯಾಗಿ ತಾಗುವುದಿಲ್ಲ; ಯಾರಾದರೂ ನಡೆದಾಡಿ ಎಬ್ಬಿಸಿದರೆ ಮಾತ್ರ ಅದು ಹೊರಬಂದು ಔಷಧಕ್ಕೋ ವ್ಯಾಕ್ಯೂಮಿಗೋ ಸಿಗುತ್ತದೆ.

ಎಲ್ಲರ ದೃಷ್ಟಿಯೂ ಶೀನಣ್ಣನವರ ಗಂಜಿ ಹಾಕಿದ ಬಿಳಿಯ ಪಂಚೆಯ ಮೇಲೆ ನೆಟ್ಟಿತು. ಕಪ್ಪು ಚುಕ್ಕೆ ಎದ್ದು ಕಾಣಲು ಅದಕ್ಕಿಂತ ಪ್ರಶಸ್ತವಾದ ಬಟ್ಟೆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

“ದಿನಕ್ಕೆ ಎರಡು ಸಲ, ಕೋಣೆಗೆ ಐದು ಸುತ್ತು,” ಎಂದರು ಮೇಷ್ಟ್ರು.

ಶೀನಣ್ಣ ಬಹಳ ಹೊತ್ತು ಯೋಚಿಸಿದರು. ಬಳಿಕ ಅಡುಗೆಮನೆಯತ್ತ ತಿರುಗಿ, “ಬೆಳಗಿನ ಸುತ್ತಿಗೆ ದೋಸೆ, ಸಂಜೆಯ ಸುತ್ತಿಗೆ ಕಾಫಿ, ಪಂಚೆ ಒಗೆಯುವ ಖರ್ಚು ಪ್ರತ್ಯೇಕ,” ಎಂದು ಕರಾರು ಮುಂದಿಟ್ಟರು.